ಐಸ್‌ಬರ್ಗ್‌ನ ‘ಬರ್ಗ್’ ಅಂದರೆ ಏನು?

ಐಸ್ ಗೊತ್ತು, ಆದರೆ ಈ ‘ಬರ್ಗ್’ ಏನು, ಇಂಗ್ಲಿಷಿನಲ್ಲಿ ಬೇರೆಲ್ಲೂ ಕಾಣಲ್ವಲ್ಲ ಅಂತ ಕೇಳಿದ್ದೀರಿ. ಕಾಣದಿರುವುದಕ್ಕೆ ಕಾರಣ ಇದೆ, ಅದು ಹೊರಗಿನಿಂದ ಬಂದ ಪದ. ಮೂಲ ಡಚ್ ಭಾಷೆ ಅಂತ ಸಾಮಾನ್ಯವಾಗಿ ನಿಘಂಟುಗಳು ಹೇಳುತ್ತವೆ. ಅಲ್ಲಿ ಬೆರ್ಗ್ ಅಂದರೆ ಬೆಟ್ಟ, ಅಷ್ಟೇ. ಜರ್ಮನ್ನಿನಲ್ಲೂ ಅದೇ ಅರ್ಥ. ದಕ್ಷಿಣ ಆಫ್ರಿಕಾದ ಡ್ರಾಕೆನ್ಸ್‌ಬರ್ಗ್ ಬೆಟ್ಟಸಾಲಿನ ಹೆಸರಲ್ಲಿ ಇರುವುದೂ ಇದೇ. ಜೋಹಾನ್ಸ್‌ಬರ್ಗ್ ಮಾತ್ರ ಬೇರೆ ಕಥೆ, ಆ ಬರ್ಗ್ ಅಂದರೆ ಕೋಟೆ ಅಥವಾ ಊರು, ಕನ್ನಡದಲ್ಲಿ ಬರೆದಾಗ ಎರಡೂ ಒಂದೇ ಥರ ಕಾಣುವುದರಿಂದ ಸುಮ್ನೆ ಗೊಂದಲ.

ಇನ್ನೊಂದು ಮಜಾ ಇದೆ. 18ನೇ ಶತಮಾನದಲ್ಲಿ ಇಂಗ್ಲಿಷರು ಐಸ್‌ಬರ್ಗ್ ಅಂತ ಕರೆಯುತ್ತಿದ್ದದ್ದು ತೇಲುವ ಗಡ್ಡೆಯನ್ನಲ್ಲ, ಹಡಗಿನಿಂದ ನೋಡಿದರೆ ದಡದಲ್ಲಿ ಗುಡ್ಡದ ಹಾಗೆ ಕಾಣುವ ಹಿಮನದಿಯನ್ನು. ತೇಲುವುದಕ್ಕೆ ಬೇರೆ ಹೆಸರಿತ್ತು. 1770ರ ದಶಕದಲ್ಲಿ ಅಂಟಾರ್ಕ್ಟಿಕ್ ಕಡಲು ಸುತ್ತಿದ ಕ್ಯಾಪ್ಟನ್ ಜೇಮ್ಸ್ ಕುಕ್ ತನ್ನ ದಿನಚರಿಯಲ್ಲಿ ಅದನ್ನು ‘ಐಸ್ ಐಲ್ಯಾಂಡ್’ ಅಂತ ಬರೆದಿದ್ದಾನೆ. ಹಿಮನದಿಯ ತುದಿ ಮುರಿದು ನೀರಿಗೆ ಬಿದ್ದದ್ದೇ ಈ ತೇಲುವ ಗುಡ್ಡ ತಾನೆ, ಹಾಗಾಗಿ 19ನೇ ಶತಮಾನದ ಹೊತ್ತಿಗೆ ಹೆಸರೂ ಅದರ ಹಿಂದೆಯೇ ಕಡಲಿಗೆ ಹೋಯಿತು. ಹಿಮನದಿಗೆ ಗ್ಲೇಸಿಯರ್ ಅನ್ನುವ ಫ್ರೆಂಚ್ ಪದ ಉಳಿಯಿತು.

ಅಂದಹಾಗೆ ಬರೀ ‘ಬರ್ಗ್’ ಅನ್ನುವ ರೂಢಿಯೂ ಇದೆ. ನೀರಿನ ಮೇಲೆ 5 ಮೀಟರಿಗಿಂತ ಜಾಸ್ತಿ ಎತ್ತರ ಇದ್ದರೆ ಮಾತ್ರ ನಾವಿಕರ ಲೆಕ್ಕದಲ್ಲಿ ಐಸ್‌ಬರ್ಗ್, ಚಿಕ್ಕದಾದರೆ ‘ಬರ್ಗಿ ಬಿಟ್’, 1 ಮೀಟರೂ ಇಲ್ಲದ್ದು ‘ಗ್ರೌಲರ್’.