ಕಾಳು ಕಚ್ಚಿದ ಹಕ್ಕಿ ಎಲ್ಲಿಗೆ ಹೋಯಿತು?

ನಮಸ್ಕಾರ,

ಯುರೋಪಿನ ಚಳಿಗಾಲದಲ್ಲಿ ಕಾಳಿನ ತಟ್ಟೆಗೆ ಬರುವ ಟಿಟ್ ಎಂಬ ಪುಟ್ಟ ಹಕ್ಕಿಗಳ ಪೈಪೋಟಿ ಕುರಿತ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಕೈಬಿಡಲು ಮನಸ್ಸೂ ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಅಲ್ಲಿ ಗ್ರೇಟ್ ಟಿಟ್ ದಬ್ಬಾಳಿಕೆಯ ದೊರೆ, ಕೋಲ್ ಟಿಟ್ ಪಾಪದ ಬಡವ. ನಿಮ್ಮ ಸಿಟ್ಟು ಕಾಣುತ್ತದೆ, ಹಕ್ಕಿ ಕಾಣುವುದಿಲ್ಲ. ‘ಭೀಕರ ಕಾಳಗ’ ಅಂತ ನಾಲ್ಕು ಕಡೆ ಬರೆದಿದ್ದೀರಿ. ನಿಜವಾದ ಹೊಡೆದಾಟ ಕಡಿಮೆ. ದೊಡ್ಡದು ಬಂದು ಕೂರುತ್ತದೆ, ಚಿಕ್ಕದು ಜಾಗ ಬಿಡುತ್ತದೆ. ಹೆಚ್ಚಿನ ಸಲ ಅಷ್ಟೇ. ಗ್ರೇಟ್ ಟಿಟ್ ಸುಮಾರು 18 ಗ್ರಾಂ, ಬ್ಲೂ ಟಿಟ್ 11, ಕೋಲ್ ಟಿಟ್ 9. ಈ ಮೂರು ಅಂಕಿ ಕೊಡಿ ಸಾಕು, ಯಾರು ಯಾರಿಗೆ ಜಾಗ ಬಿಡುತ್ತಾರೆ ಅಂತ ಓದುಗರಿಗೇ ತಿಳಿಯುತ್ತದೆ.

‘ಪೆಕಿಂಗ್ ಆರ್ಡರ್’, ಅಂದರೆ ಗುಂಪಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವ ಕ್ರಮ, ಅದನ್ನೂ ಸುಮ್ನೆ ಎಳೆದು ತಂದಿದ್ದೀರಿ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಶೆಲ್ಡೆರುಪ್-ಎಬ್ಬೆ 1922ರಲ್ಲಿ ಬರೆದದ್ದು ಕೋಳಿಗಳ ಬಗ್ಗೆ. ಒಂದೇ ಗುಂಪಿನಲ್ಲಿ, ಒಂದನ್ನೊಂದು ಗುರುತು ಹಿಡಿಯುವ ಕೋಳಿಗಳು. ಎರಡು ಬೇರೆ ಜಾತಿಯ ಹಕ್ಕಿಗಳ ನಡುವಿನ ಮೇಲುಗೈ ಬೇರೆ ಮಾತು.

ಮೂರನೇ ಪುಟದಲ್ಲಿ ಮಾತ್ರ ನೀವು ಕಣ್ಣು ಬಿಟ್ಟು ನೋಡಿದ್ದೀರಿ. ‘ಕೋಲ್ ಟಿಟ್ ಬಂತು, ಒಂದು ಕಾಳು ಕಚ್ಚಿತು, ರೆಪ್ಪೆ ಬಡಿಯುವಷ್ಟರಲ್ಲಿ ಇರಲಿಲ್ಲ.’ ಎಷ್ಟು ಚೆನ್ನಾಗಿದೆ! ಆದರೆ ಅಲ್ಲೇ ನಿಲ್ಲಿಸಿ, ಮತ್ತೆ ದೊರೆಯ ಹತ್ತಿರ ಓಡಿಹೋಗಿದ್ದೀರಿ. ಆ ಕಾಳು ಎಲ್ಲಿಗೆ ಹೋಯಿತು? ತೊಗಟೆಯ ಬಿರುಕಿಗೋ, ಸೂಜಿ ಎಲೆಗಳ ಸಂದಿಗೋ. ಕೋಲ್ ಟಿಟ್ ಕಾಳು ಬಚ್ಚಿಡುವ ಹಕ್ಕಿ. ಬ್ಲೂ ಟಿಟ್, ಗ್ರೇಟ್ ಟಿಟ್‌ಗಳಿಗೆ ಆ ಅಭ್ಯಾಸವಿಲ್ಲ. ತಟ್ಟೆಯಲ್ಲಿ ಕೂತು ತಿನ್ನಲು ಜಾಗ ಸಿಗದ ಹಕ್ಕಿ ಮರದ ತುಂಬ ಊಟ ಹರಡಿಟ್ಟಿದೆ. ಅದನ್ನು ‘ಸೋತ ಹಕ್ಕಿ’ ಅಂದುಬಿಟ್ಟರೆ ಹೇಗೆ?

ಇನ್ನೊಂದು ವಿಷಯ ಸೇರಿಸಿ. ಮೇಲುಗೈಯ ಹಕ್ಕಿಯೇ ದಪ್ಪಗಿರುತ್ತದೆ ಅಂತ ಬರೆದಿದ್ದೀರಿ. ಟಿಟ್‌ಗಳಲ್ಲಿ ಎಷ್ಟೋ ಸಲ ತದ್ವಿರುದ್ಧ ಕಂಡುಬಂದಿದೆ. ಬೇಕೆಂದಾಗ ಊಟ ಸಿಗುವ ಹಕ್ಕಿ ಮೈಯಲ್ಲಿ ಜಾಸ್ತಿ ಕೊಬ್ಬು ಹೊರಬೇಕಿಲ್ಲ. ಮುಂದಿನ ತುತ್ತಿನ ಭರವಸೆ ಇಲ್ಲದ್ದು ಹೊರಲೇಬೇಕು. ಆ ಭಾರ ಹೊತ್ತೇ ಗಿಡುಗನಿಂದ ತಪ್ಪಿಸಿಕೊಳ್ಳಬೇಕು. ಅಧಿಕಾರ ಅಂದರೆ ಇಲ್ಲಿ ಹಗುರಾಗಿರುವ ಅನುಕೂಲ. ನಿಮ್ಮ ಎರಡು ಪುಟದ ಸಿಟ್ಟಿಗಿಂತ ಇದು ಹೆಚ್ಚು ತಟ್ಟುತ್ತದೆ, ಅಲ್ವಾ?

ಕೋಲ್ ಟಿಟ್ ಬಂದ ಆ ಸಾಲಿನಿಂದಲೇ ಶುರುಮಾಡಿ, 800 ಪದದೊಳಗೆ ಬರೆದು ನನಗೇ ಕಳಿಸಿ. ಕಾಯುತ್ತಿರುತ್ತೇನೆ.