ಪ್ರಶ್ನೋತ್ತರ: ಅರವತ್ತರ ಹ್ಯಾಮ್ಲೆಟ್

ಪ್ರಶ್ನೆ: ಜಾನ್‌ಸ್ಟನ್ ಫೋರ್ಬ್ಸ್-ರಾಬರ್ಟ್‌ಸನ್ ಅಭಿನಯದ 1913ರ ಮೂಕಿ ಚಿತ್ರ ‘ಹ್ಯಾಮ್ಲೆಟ್’ ನೋಡಿದೆ. ಮಹಾನಟ ಅನ್ನುತ್ತಾರೆ, ನನಗೆ ಕಂಡದ್ದು ಚಡಪಡಿಸುವ ಮುದುಕ. ಏಕೆ ಹೀಗೆ?

ಉತ್ತರ: ಮೊದಲು ನೀವು ನೋಡಿದ ಪ್ರತಿಯ ವೇಗ ಪರೀಕ್ಷಿಸಿ. ಸೆಕೆಂಡಿಗೆ ಸುಮಾರು 16 ಚೌಕಟ್ಟುಗಳಂತೆ ತೆಗೆದ ಚಿತ್ರವನ್ನು 24ರಲ್ಲಿ ಓಡಿಸಿದರೆ ಚಲನೆ ಒಂದೂವರೆ ಪಟ್ಟು ಚುರುಕಾಗುತ್ತದೆ. ಆ ಚಡಪಡಿಕೆ ನಟನದ್ದಲ್ಲ. ವೇಗ ಇಳಿಸಿ ನೋಡಿ, ಅವರ ನಡಿಗೆಯ ಗಾಂಭೀರ್ಯ ಮರಳಿ ಬರುತ್ತದೆ.

ವಯಸ್ಸಿನ ಮಾತು ನಿಜ. 1853ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಅವರು ಚಿತ್ರಕಲೆ ಕಲಿತು, 1874ರಲ್ಲಿ ರಂಗಕ್ಕೆ ಬಂದವರು. ಲೈಸಿಯಂ ರಂಗಮಂದಿರದಲ್ಲಿ ಹ್ಯಾಮ್ಲೆಟ್ ಆದದ್ದು 1897ರಲ್ಲಿ, 44ರ ವಯಸ್ಸಿಗೆ. ಕ್ಯಾಮೆರಾ ಎದುರು ನಿಂತಾಗ 60. ಅದೇ ವರ್ಷ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ವಿದಾಯದ ಪ್ರದರ್ಶನಗಳು, ಸರ್ ಪದವಿಯೂ ಬಂತು.

ದೊಡ್ಡ ನಷ್ಟ ಕಂಠದ್ದು. ಅವರ ಕೀರ್ತಿ ನಿಂತಿದ್ದೇ ಸ್ಪಷ್ಟ, ಸಂಗೀತಮಯ ಉಚ್ಚಾರದ ಮೇಲೆ. ಮೂಕಿಯಲ್ಲೂ ತುಟಿಗಳು ಸಾಲುಗಳನ್ನು ನುಡಿಯುತ್ತಲೇ ಇವೆ; ನಾಟಕದ ಪಠ್ಯ ಕೈಯಲ್ಲಿಟ್ಟುಕೊಂಡು ನೋಡಿ. ಹ್ಯಾಮ್ಲೆಟ್ ಪ್ರೀತಿಸುವ ಒಫೀಲಿಯಾಳ ಪಾತ್ರ ಅವರ ಪತ್ನಿ ಗರ್ಟ್ರೂಡ್ ಎಲಿಯಟ್ ಅವರದು. ಇಂಗ್ಲೆಂಡಿನ ಲಲ್‌ವರ್ತ್ ಕೋವ್ ಕಡಲತಡಿಯಲ್ಲಿ ಕಟ್ಟಿದ ಕೋಟೆಯ ಸೆಟ್ಟನ್ನೂ ಗಮನಿಸಿ.