ಹದಿನಾಲ್ಕು ವರ್ಷ ನಿಂತ ಲಾರಿಗೆ ಬ್ಯಾಟರಿ ಕಟ್ಟುವ ಮುನ್ನ

ಹಳೆಯ ಲಾರಿಯನ್ನು ಮನೆಯಲ್ಲೇ ದುರಸ್ತಿ ಮಾಡಿಕೊಳ್ಳಲು ಹೊರಟವರ ಪತ್ರಗಳು ಈ ಅಂಕಣಕ್ಕೆ ಬರುತ್ತಲೇ ಇವೆ. ಊರು ಬೇರೆ, ಲಾರಿ ಬೇರೆ, ಪ್ರಶ್ನೆ ಮಾತ್ರ ಅದೇ: ವರ್ಷಗಟ್ಟಲೆ ನಿಂತ ಲಾರಿಯನ್ನು ಮತ್ತೆ ಸ್ಟಾರ್ಟ್ ಮಾಡುವುದು ಹೇಗೆ? ಚುಟುಕಾಗಿ ಉತ್ತರಿಸಿದ್ದು ಸಾಲಲಿಲ್ಲವೆಂದು ಕಾಣುತ್ತದೆ. ಆದ್ದರಿಂದ ಈ ಬಾರಿ ಹೆಚ್ಚಿನ ಜಾಗವನ್ನು ಅದೊಂದಕ್ಕೇ ಕೊಡುತ್ತೇನೆ. ಆಯಿಲ್ ಬದಲಿಸುವುದು, ನಟ್ಟು ಬಿಚ್ಚುವುದು ಹೇಗೆಂದು ಇಲ್ಲಿ ವಿವರಿಸುವುದಿಲ್ಲ. ಅದು ಬಾರದವರು ಮೊದಲು ಯಾವುದಾದರೂ ಗ್ಯಾರೇಜಿನಲ್ಲಿ ನಾಲ್ಕು ತಿಂಗಳು ಕೈ ಮಸಿ ಮಾಡಿಕೊಂಡು ಬರಲಿ.

ಪ್ರಶ್ನೆ: ನಮ್ಮ ತಂದೆಯವರ ಟಾಟಾ 1210 ಲಾರಿ ತಿಪಟೂರಿನ ಹತ್ತಿರ ನಮ್ಮ ತೆಂಗಿನ ತೋಟದಲ್ಲಿ ಹದಿನಾಲ್ಕು ವರ್ಷಗಳಿಂದ ನಿಂತಿದೆ. ಅವರು ತೀರಿಕೊಂಡ ಮೇಲೆ ಯಾರೂ ಮುಟ್ಟಿಲ್ಲ. ನನ್ನ ಬಳಿ ಎಂಬತ್ತು ಸಾವಿರ ರೂಪಾಯಿ ಇದೆ. ಹೊಸ ಬ್ಯಾಟರಿ ಹಾಕಿ ಸ್ಟಾರ್ಟ್ ಮಾಡಿದರೆ ಎಂಜಿನ್ ಹೇಗಿದೆ ಎಂದು ಗೊತ್ತಾಗುತ್ತದಲ್ಲವೇ? ಊರಿನ ಮೆಕ್ಯಾನಿಕ್, ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ಬ್ಯಾಟರಿಯ ಖರ್ಚೂ ಉಳಿಯುತ್ತದೆ ಎನ್ನುತ್ತಾರೆ.

ಬ್ಯಾಟರಿಯೂ ಬೇಡ, ಟ್ರ್ಯಾಕ್ಟರಂತೂ ಬೇಡವೇ ಬೇಡ. ಆ ಮೆಕ್ಯಾನಿಕ್ಕಿಗೆ ನಮಸ್ಕಾರ ಹೇಳಿ ಕಳುಹಿಸಿಬಿಡಿ.

ಆರು ಸಿಲಿಂಡರಿನ ಎಂಜಿನ್ ಯಾವ ಸ್ಥಿತಿಯಲ್ಲಿ ನಿಂತರೂ ಒಂದೆರಡು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಸೈಲೆನ್ಸರಿನ ಬಾಯಿಯಿಂದ ಹೊಕ್ಕ ತೇವದ ಗಾಳಿ ಹದಿನಾಲ್ಕು ಮಳೆಗಾಲ ಆ ಸಿಲಿಂಡರುಗಳ ಒಳಗೇ ಕುಳಿತಿದೆ. ಪಿಸ್ಟನ್ನಿನ ರಿಂಗುಗಳು ತುಕ್ಕಿನಿಂದ ಗೋಡೆಗೆ ಅಂಟಿಕೊಂಡಿರಬಹುದು. ಹೆಡ್ ಗ್ಯಾಸ್ಕೆಟ್ ಸೋರಿದ್ದರೆ ಪಿಸ್ಟನ್ನಿನ ತಲೆಯ ಮೇಲೆ ನೀರೇ ನಿಂತಿರಬಹುದು. ಗಾಳಿಯನ್ನು ಅದುಮಬಹುದು, ನೀರನ್ನು ಅದುಮಲಾಗುವುದಿಲ್ಲ. ಸ್ಟಾರ್ಟರ್ ಮೋಟಾರ್ ಆದರೆ ಹೆಚ್ಚಾಗಿ ತಿರುಗಿಸಲಾಗದೆ ಅಲ್ಲಿಗೇ ನಿಲ್ಲುತ್ತದೆ. ಟ್ರ್ಯಾಕ್ಟರಿಗೆ ಅದು ತಿಳಿಯುವುದಿಲ್ಲ. ಗೇರಿನಲ್ಲಿರುವ ಲಾರಿಯ ಅಷ್ಟೂ ಭಾರ ಚಕ್ರದ ಮೂಲಕ ಎಂಜಿನಿನ ಮುಖ್ಯ ದಂಡವಾದ ಕ್ರ್ಯಾಂಕನ್ನು ತಿರುವುತ್ತದೆ. ಒಳಗೆ ರಿಂಗ್ ಮುರಿಯಬೇಕು, ಇಲ್ಲವೇ ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಬೇಕು. ಹೀಗೆ ಎಳೆದ ಒಂದು ಎಂಜಿನನ್ನು ನಾನೇ ಬಿಚ್ಚಿದ್ದೇನೆ. ನಾಲ್ಕನೇ ಸಿಲಿಂಡರಿನ ರಾಡ್ ಬಿಲ್ಲಿನಂತೆ ಬಾಗಿತ್ತು. ಆ ಒಂದು ರಾಡನ್ನು ಬಿಟ್ಟರೆ ಉಳಿದ ಎಂಜಿನ್ ಚೆನ್ನಾಗಿತ್ತು ಎಂಬುದೇ ನನಗೆ ಹೆಚ್ಚು ಸಂಕಟ ಕೊಟ್ಟದ್ದು. ಲಾರಿಗೆಂದು ಅದರ ಮಾಲೀಕ ಕೂಡಿಟ್ಟಿದ್ದ ಹಣವೆಲ್ಲ ಎಂಜಿನಿಗೇ ಹೋಯಿತು.

ನಿಮ್ಮದು ಗಟ್ಟಿ ಜಾತಿಯ ಎಂಜಿನ್. 1954ರಲ್ಲಿ ಟೆಲ್ಕೊ (ಇಂದಿನ ಟಾಟಾ ಮೋಟರ್ಸ್) ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಮಾಡಿಕೊಂಡ ಒಪ್ಪಂದದಿಂದ ಬಂದ ವಂಶ ಅದು. 1969ರಲ್ಲಿ ಒಪ್ಪಂದ ಮುಗಿದ ಮೇಲೂ ಹಳಬರು ‘ಬೆಂಜ್ ಲಾರಿ’ ಎನ್ನುವುದನ್ನು ಬಿಡಲಿಲ್ಲ. ಒರಟಾಗಿ ನಡೆಸಿಕೊಳ್ಳದಿದ್ದರೆ ಅದು ಮತ್ತೆ ಏಳುತ್ತದೆ. ಆತುರಪಡಬೇಡಿ, ಎರಡು ವಾರ ಕೊಡಿ.

ಮೊದಲು ಸಿಲಿಂಡರಿನೊಳಕ್ಕೆ ಡೀಸೆಲ್ ಚಿಮ್ಮಿಸುವ ಆರೂ ನಾಝಲ್‌ಗಳನ್ನು ಬಿಚ್ಚಿ. ಬಿಚ್ಚುವ ಮುನ್ನ ಸುತ್ತಲಿನ ಮಣ್ಣನ್ನು ಬ್ರಷ್‌ನಿಂದ ತೆಗೆದು ಗಾಳಿ ಹೊಡೆಯಿರಿ. ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿನೊಳಕ್ಕೇ ಬೀಳುತ್ತದೆ. ಬರದೆ ಹಟ ಹಿಡಿದರೆ ಬುಡಕ್ಕೆ ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ, ಸುತ್ತಿಗೆ ಎತ್ತಬೇಡಿ. ಬಿಚ್ಚಿದ ತೂತುಗಳಲ್ಲಿ ಎಂಜಿನ್ ಆಯಿಲ್ ಮತ್ತು ಡೀಸೆಲ್ ಅರ್ಧಕ್ಕರ್ಧ ಬೆರೆಸಿ ಒಂದೊಂದಕ್ಕೂ ಮೂರು ನಾಲ್ಕು ಚಮಚ ಬಿಡಿ. ತೂತಿಗೆ ಬಟ್ಟೆ ಮುಚ್ಚಿ. ವಾರವಿಡೀ ದಿನಕ್ಕೊಮ್ಮೆ ಸ್ವಲ್ಪ ಸ್ವಲ್ಪ ಸೇರಿಸುತ್ತಿರಿ. ಇದು ಇಳಿಯುವ ಹೊತ್ತಿನಲ್ಲಿ ಎಂಜಿನಿನ ತಲೆಯ ಮೇಲಿನ ಟ್ಯಾಪೆಟ್ ಕವರ್ ತೆಗೆದು, ವಾಲ್ವ್ ಒತ್ತಿ ತೆರೆಯುವ ರಾಕರ್‌ಗಳನ್ನು ನೋಡಿ. ವಾಲ್ವ್ ಸ್ಪ್ರಿಂಗುಗಳೆಲ್ಲ ಒಂದೇ ಎತ್ತರದಲ್ಲಿ ಇರುವುದಿಲ್ಲ, ಕೆಲವು ತೆರೆದಿರುತ್ತವೆ. ಯಾವುದು ತೆರೆದಿದೆ ಎಂದು ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಾರ ಕಳೆದ ಮೇಲೆ ಗೇರ್ ನ್ಯೂಟ್ರಲ್‌ನಲ್ಲಿದೆ ಎಂದು ಎರಡು ಸಲ ನೋಡಿಕೊಂಡು, ಮುಂದಿನ ಪುಲ್ಲಿಯ ನಟ್ಟಿಗೆ ದೊಡ್ಡ ಸಾಕೆಟ್ ಮತ್ತು ಉದ್ದ ಪೈಪು ಹಾಕಿ ಕೈಯಿಂದ ಒತ್ತಿ. ಪೈಪಿನ ಮೇಲೆ ಹತ್ತಿ ಕುಣಿಯುವುದಕ್ಕಲ್ಲ ಅದನ್ನು ಕೊಟ್ಟಿರುವುದು. ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು. ಮೊದಲು ಏನೂ ಆಗುವುದಿಲ್ಲ. ಆಮೇಲೊಮ್ಮೆ ಪೈಪು ಎರಡು ಬೆರಳಿನಷ್ಟು ಜಾರುತ್ತದೆ, ಒಳಗಿನಿಂದ ಅಂಟು ಬಿಟ್ಟಂತೆ ಸಣ್ಣ ಸದ್ದು ಕೇಳುತ್ತದೆ, ನಾಝಲ್ ತೂತಿನಿಂದ ಕೆಂಪು ತುಕ್ಕಿನ ಎಣ್ಣೆ ಗುಳುಕ್ಕೆಂದು ಮೇಲೆ ಬರುತ್ತದೆ. ಅಲ್ಲಿಗೆ ನಿಲ್ಲಿಸಿ ಮತ್ತೆ ಎಣ್ಣೆ ಬಿಡಿ, ಮಾರನೆಯ ದಿನ ಮುಂದುವರಿಸಿ. ಗಟ್ಟಿಯಾದ ತಡೆಯಿಲ್ಲದೆ ಎರಡು ಪೂರ್ತಿ ಸುತ್ತು ಬರಬೇಕು. ಫೋರ್ ಸ್ಟ್ರೋಕ್ ಎಂಜಿನಿನಲ್ಲಿ ಪ್ರತಿ ವಾಲ್ವೂ ಒಮ್ಮೆ ತೆರೆದು ಮುಚ್ಚಲು ಎರಡು ಸುತ್ತು ಬೇಕು. ಸುತ್ತಿಸುವಾಗ ಮಗನನ್ನೋ ತಮ್ಮನನ್ನೋ ರಾಕರ್‌ಗಳ ಬಳಿ ನಿಲ್ಲಿಸಿ. ಬರೆದಿಟ್ಟುಕೊಂಡ ವಾಲ್ವ್‌ಗಳು ಮೇಲೆ ಬಂದು ಮುಚ್ಚಿಕೊಳ್ಳದಿದ್ದರೆ ಅವು ತಾವು ಚಲಿಸುವ ಕೊಳವೆಯಾದ ಗೈಡ್‌ನಲ್ಲಿ ಕಚ್ಚಿಕೊಂಡಿವೆ. ಹಾಗೆಯೇ ತಿರುಗಿಸಿದರೆ ಪಿಸ್ಟನ್ ಬಡಿದು ವಾಲ್ವ್, ಇಲ್ಲವೇ ರಾಕರನ್ನು ಎತ್ತುವ ಪುಶ್ ರಾಡ್ ಬಾಗಬಹುದು. ಎಣ್ಣೆ ಬಿಟ್ಟು ಸಡಿಲಿಸಿದ ಮೇಲೆಯೇ ಮುಂದಿನ ಮಾತು.

ಹಳೆಯ ಆಯಿಲನ್ನು ಅಗಲವಾದ ಬೋಗುಣಿಗೆ ಇಳಿಸಿ. ಮೊದಲು ನೀರು ಬಂದು ಆಮೇಲೆ ಆಯಿಲ್ ಬಂದರೆ, ಅಥವಾ ಮಜ್ಜಿಗೆಯಂತೆ ಬೆಳ್ಳಗಿದ್ದರೆ, ನೀರು ಎಲ್ಲಿಂದ ಬಂತೆಂದು ಹುಡುಕದೆ ಮುಂದೆ ಹೋಗಬೇಡಿ. ತಳದಲ್ಲಿ ಆಯಿಲ್ ನಿಲ್ಲುವ ಸಂಪ್ ಇಳಿಸಿ ಜಾಲರಿ ತೊಳೆಯಿರಿ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ. ನಾಝಲ್‌ಗಳು ಹೊರಗಿರುವಾಗಲೇ, ಈಗ ಮಾತ್ರ, ಬ್ಯಾಟರಿ ಕಟ್ಟಿ ಸ್ಟಾರ್ಟರ್ ಒತ್ತಿ ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೆ ತಿರುಗಿಸಿ, ನಡುನಡುವೆ ಸ್ಟಾರ್ಟರ್ ತಣಿಯಲು ಬಿಡಿ. ಆ ಬ್ಯಾಟರಿ ನೆರೆಯವರಿಂದ ಎರವಲು ತಂದದ್ದಾದರೂ ನಡೆಯುತ್ತದೆ.

ನಾಝಲ್‌ಗಳನ್ನೂ ಅವಕ್ಕೆ ಡೀಸೆಲ್ ಒತ್ತಿ ಕಳುಹಿಸುವ ಪಂಪನ್ನೂ ಪರೀಕ್ಷಾ ಯಂತ್ರವಿರುವ ಅಂಗಡಿಗೆ ಒಯ್ಯಿರಿ. ಹಣ ಬಿಚ್ಚಬೇಕಾದ ಜಾಗ ಇದು. ನಮ್ಮ ಲಾರಿಗಳ ಪಂಪಿಗೆ ಎಲ್ಲರೂ ‘ಮೈಕೋ ಪಂಪ್’ ಎನ್ನುತ್ತಾರೆ. 1951ರಲ್ಲಿ ಹುಟ್ಟಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಕಾರ್ಖಾನೆಯ ಹೆಸರು ಅದು, ಈಗ ಬಾಷ್. ಅಷ್ಟು ನಯವಾಗಿ ಮಾಡಿದ ವಸ್ತುವನ್ನು ರಸ್ತೆ ಬದಿಯಲ್ಲಿ ಸೀಲ್ ಒಡೆದು, ಸ್ಕ್ರೂ ತಿರುಗಿಸಿ, ‘ಪಿಕಪ್ ಕೊಡುತ್ತೇನೆ’ ಎನ್ನುವವರಿದ್ದಾರೆ. ಅವರು ಕೊಡುವುದು ಕಪ್ಪು ಹೊಗೆ ಮತ್ತು ಸುಟ್ಟ ಪಿಸ್ಟನ್. ನಾಝಲ್ ಚಿಮ್ಮುವುದನ್ನು ಬೆರಳಿಟ್ಟು ನೋಡುವವರಿಗೂ ಒಂದು ಮಾತು: ಆ ಡೀಸೆಲ್ ಸೂಜಿಯಂತೆ ಚರ್ಮದೊಳಕ್ಕೆ ಇಳಿಯುತ್ತದೆ. ಮೇಲೆ ಚುಕ್ಕೆಯಷ್ಟೇ ಕಂಡರೂ ಒಳಗೆ ಮಾಂಸ ಸಾಯುತ್ತದೆ. ಮುಲಾಮು ಹಚ್ಚುತ್ತ ಕೂರದೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಪಂಪ್ ಮರಳಿ ಕೂರಿಸಿದ ಮೇಲೆ ಅದರ ಸ್ಟಾಪ್ ಲಿವರನ್ನು ಕೈಯಿಂದ ಎಳೆದು ಬಿಡಿ. ಸರಾಗವಾಗಿ ಹೋಗಿ ಬರಬೇಕು. ಪಂಪಿನೊಳಗೆ ಡೀಸೆಲ್ ಪ್ರಮಾಣವನ್ನು ಹದ ಮಾಡುವ ರ‍್ಯಾಕ್ ಪೂರ್ತಿ ಡೀಸೆಲ್ ಕೊಡುವ ಸ್ಥಾನದಲ್ಲಿ ಕಚ್ಚಿಕೊಂಡಿದ್ದರೆ, ಸ್ಟಾರ್ಟ್ ಆದ ಎಂಜಿನ್ ನಿಮ್ಮ ಮಾತು ಕೇಳುವುದಿಲ್ಲ. ವೇಗ ಏರುತ್ತಲೇ ಹೋಗುತ್ತದೆ, ಕೀ ತಿರುಗಿಸಿದರೂ ನಿಲ್ಲುವುದಿಲ್ಲ, ಕೊನೆಗೆ ಒಳಗಿನದು ಹೊರಗೆ ಬರುತ್ತದೆ. ಅದನ್ನು ನಿಲ್ಲಿಸುವ ದಾರಿ ಗಾಳಿ ಕಟ್ಟುವುದು. ಆದ್ದರಿಂದ ಮೊದಲ ಸ್ಟಾರ್ಟಿಗೆ ಏರ್ ಕ್ಲೀನರ್ ಕೊಳವೆ ಬಿಚ್ಚಿಟ್ಟು, ಆ ಬಾಯಿಗೆ ಸರಿಯಾಗಿ ಕೂರುವ ದಪ್ಪ ಹಲಗೆಯ ತುಂಡೊಂದನ್ನು ಕೈಗೆಟುಕುವಂತೆ ಇಟ್ಟುಕೊಳ್ಳಿ. ಬಟ್ಟೆ ಬೇಡ, ಎಂಜಿನ್ ಅದನ್ನು ನುಂಗುತ್ತದೆ. ಅಂಗೈಯಂತೂ ಬೇಡ. ನಲವತ್ತು ವರ್ಷಗಳಲ್ಲಿ ಆ ಹಲಗೆ ನನಗೆ ಬೇಕಾದದ್ದು ಎರಡೇ ಸಲ. ಈಗಲೂ ಅದಿಲ್ಲದೆ ನಿಂತಿದ್ದ ಎಂಜಿನಿಗೆ ಕೀ ಕೊಡುವುದಿಲ್ಲ.

ಲಾರಿಯ ಟ್ಯಾಂಕಿನಿಂದ ಡೀಸೆಲ್ ಕೊಡಬೇಡಿ. ಅದರ ತಳದಲ್ಲಿರುವುದು ನೀರು, ತುಕ್ಕು, ಅಂಟು. ಶುದ್ಧ ಡೀಸೆಲ್ ತುಂಬಿದ ಐದು ಲೀಟರಿನ ಕ್ಯಾನನ್ನು ಎತ್ತರದಲ್ಲಿ ಕಟ್ಟಿ ಹೊಸ ಪೈಪಿನಿಂದ ಫೀಡ್ ಪಂಪಿಗೆ ಜೋಡಿಸಿ. ಫಿಲ್ಟರಿನ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತುತ್ತ ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ. ರೇಡಿಯೇಟರಿಗೆ ನೀರು ತುಂಬಿ, ಎಲ್ಲಿಯೂ ತೊಟ್ಟಿಕ್ಕುತ್ತಿಲ್ಲ ಎಂದು ನೋಡಿ ಸ್ಟಾರ್ಟ್ ಮಾಡಿ. ಬಿಳಿ ಹೊಗೆ ಬಂದರೆ ಹೆದರಬೇಡಿ, ಬಿಟ್ಟ ಎಣ್ಣೆ ಉರಿಯುತ್ತಿರುತ್ತದೆ. ಆದರೆ ಹತ್ತು ಹದಿನೈದು ಸೆಕೆಂಡುಗಳೊಳಗೆ ಆಯಿಲ್ ಪ್ರೆಶರ್ ಮುಳ್ಳು ಏಳದಿದ್ದರೆ ಕೂಡಲೇ ನಿಲ್ಲಿಸಿ.

ಎಂಬತ್ತು ಸಾವಿರದ ಲೆಕ್ಕಕ್ಕೆ ಬರೋಣ. ಪಂಪ್ ಮತ್ತು ನಾಝಲ್ ಕೆಲಸ ಬಿಟ್ಟರೆ ಇಲ್ಲಿಯವರೆಗೆ ಖರ್ಚಾದದ್ದು ಹೆಚ್ಚಾಗಿ ನಿಮ್ಮ ಬೆವರು. ಉಳಿದದ್ದನ್ನು ಬ್ರೇಕಿಗೆ, ಸ್ಟೇರಿಂಗಿಗೆ, ಮುಂದಿನ ಎರಡು ಟೈರಿಗೆ ಎತ್ತಿಡಿ. ಹಿಂದಿನ ನಾಲ್ಕಕ್ಕೆ ಸದ್ಯಕ್ಕೆ ಒಳ್ಳೆಯ ರೀಸೋಲ್ ಟೈರ್ (ಹಳೆಯ ಟೈರಿಗೆ ಹೊಸ ರಬ್ಬರ್ ಕೂರಿಸಿದ್ದು) ಸಾಕು, ಮುಂದಕ್ಕೆ ಮಾತ್ರ ರೀಸೋಲ್ ಹಾಕಬೇಡಿ. ಬ್ರೇಕಿನ ರಬ್ಬರ್ ಕಪ್‌ಗಳು, ಹೋಸುಗಳೆಲ್ಲ ಹೊಸದೇ ಆಗಬೇಕು. ಕಣ್ಣಿಗೆ ಚೆನ್ನಾಗಿ ಕಂಡ ಹಳೆಯ ಹೋಸ್ ಒಳಗೆ ಊದಿಕೊಂಡಿರುತ್ತದೆ. ಬಾನೆಟ್, ಬಂಪರ್, ಗ್ಲಾಸಿನಂಥವನ್ನು ಗುಜರಿಯಲ್ಲಿ ತರಬಹುದು. ಬ್ರೇಕ್ ಮತ್ತು ಸ್ಟೇರಿಂಗಿನ ಒಂದು ಪಿನ್ನನ್ನೂ ಗುಜರಿಯಿಂದ ತರಬಾರದು. ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಭಾಗವನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ, ಬಾಯಿಮಾತಿನಲ್ಲಿ ವರ್ಣಿಸಿ ತಪ್ಪು ಸಾಮಾನು ತಂದವರನ್ನು ಬಹಳ ನೋಡಿದ್ದೇನೆ.

ಕೆಳಗೆ ನುಸುಳುವಾಗ ಜಾಕ್ ಒಂದನ್ನೇ ನಂಬಬೇಡಿ, ಸಿಮೆಂಟ್ ಇಟ್ಟಿಗೆಯನ್ನೂ ನಂಬಬೇಡಿ. ಅದು ಬಿರಿಯುವ ಮೊದಲು ಸೂಚನೆ ಕೊಡುವುದಿಲ್ಲ. ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಪೇರಿಸಿ ಆಕ್ಸಲ್ ಅದರ ಮೇಲೆ ಕೂತ ನಂತರವೇ ಒಳಗೆ ಹೋಗಿ. ಮನೆಯಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಹೋಗಬೇಡಿ.

ಪ್ರಶ್ನೆ: ಲಾಕ್ ರಿಂಗ್ (ಟೈರನ್ನು ಡಿಸ್ಕಿನ ಮೇಲೆ ಹಿಡಿದಿಡುವ ಉಕ್ಕಿನ ಬಳೆ) ಇರುವ ಡಿಸ್ಕಿಗೆ ಮನೆಯ ಕಂಪ್ರೆಸರಿನಿಂದಲೇ ಗಾಳಿ ತುಂಬಬಹುದೇ?

ಬೇಡ. ತುಕ್ಕು ತಿಂದ ರಿಂಗ್ ಡಿಸ್ಕಿನ ತೋಡಿನಲ್ಲಿ ಸರಿಯಾಗಿ ಕೂರದೆ ಗಾಳಿಯ ಒತ್ತಡಕ್ಕೆ ಹಾರಿದರೆ ಎದುರಿಗಿದ್ದವರ ತಲೆ ಉಳಿಯುವುದಿಲ್ಲ. ಗಾಳಿಯಿರುವಾಗ ರಿಂಗನ್ನು ಸುತ್ತಿಗೆಯಿಂದ ತಟ್ಟಿ ಕೂರಿಸುವವರನ್ನು ಕಂಡರೆ ನಾನು ಆ ಜಾಗದಿಂದ ಎದ್ದು ಹೋಗುತ್ತೇನೆ. ಕಬ್ಬಿಣದ ಪಂಜರದೊಳಗಿಟ್ಟು ಗಾಳಿ ತುಂಬುವ ಅಂಗಡಿಗೆ ಒಯ್ಯಿರಿ. ಬಾಗಿದ ರಿಂಗ್, ಬಿರುಕು ಬಿಟ್ಟ ಡಿಸ್ಕ್ ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಲಿ. ಟೈರ್ ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ: 3611 ಎಂದಿದ್ದರೆ 2011ರ 36ನೇ ವಾರದ ಟೈರ್. ಮೂರೇ ಅಂಕಿ ಇದ್ದರೆ ಅದು 2000ಕ್ಕಿಂತ ಹಿಂದಿನದು, ಮಾರುವವನು ಎಷ್ಟೇ ಹೊಳಪು ಬರಿಸಿದ್ದರೂ ಮುಟ್ಟಬೇಡಿ.

ಪ್ರಶ್ನೆ: ಥರ್ಮೋಸ್ಟಾಟ್ (ರೇಡಿಯೇಟರಿಗೆ ಹೋಗುವ ನೀರನ್ನು ತಡೆದು ಬಿಡುವ ಕವಾಟ) ತೆಗೆದುಹಾಕಿದರೆ ಎಂಜಿನ್ ಬಿಸಿಯಾಗುವುದಿಲ್ಲವಂತೆ, ನಿಜವೇ?

ಸುಳ್ಳು. ಎಂಜಿನ್ ಹದವಾದ ಬಿಸಿಗೆ ಬರದೆ ಸಿಲಿಂಡರ್ ಬೇಗ ಸವೆಯುತ್ತದೆ. ಅತಿಯಾಗಿ ಬಿಸಿಯಾಗುವುದಕ್ಕೆ ಹೆಚ್ಚಾಗಿ ಕಾರಣ ಕಟ್ಟಿಕೊಂಡ ರೇಡಿಯೇಟರ್, ಅದನ್ನು ತೊಳೆಸಿ.

ಪ್ರಶ್ನೆ: ಎಂಜಿನ್ ಬಿಚ್ಚದೆಯೇ ರಿಂಗ್ ಸರಿ ಮಾಡುವ ಎಣ್ಣೆ ಡಬ್ಬಿಯಲ್ಲಿ ಸಿಗುತ್ತದೆ. ಹಾಕಲೇ?

ಸವೆದ ಕಬ್ಬಿಣವನ್ನು ಯಾವ ಡಬ್ಬಿಯೂ ಬೆಳೆಸುವುದಿಲ್ಲ.

ಪ್ರಶ್ನೆ: ಕ್ಯಾಬಿನ್ ತುಕ್ಕು ಹಿಡಿದಿದೆ. ಲಪ್ಪ (ಪುಟ್ಟಿ) ಮೆತ್ತಿ ಬಣ್ಣ ಹೊಡೆದರೆ ಎಷ್ಟು ವರ್ಷ ಬರುತ್ತದೆ?

ಒಂದು ಮಳೆಗಾಲ. ಕೊಳೆತ ತಗಡನ್ನು ಕತ್ತರಿಸಿ ಹೊಸ ತಗಡು ಕೂರಿಸಿದ ಮೇಲೆ ತೆಳ್ಳಗೆ ಲಪ್ಪ ಹಾಕಬೇಕು. ಚಾಸಿಯಲ್ಲಿ ಬಿರುಕಿದ್ದರೆ ಅದು ಲಪ್ಪದ ಕೆಲಸವಲ್ಲ, ಮನೆಯ ವೆಲ್ಡಿಂಗಿನ ಕೆಲಸವೂ ಅಲ್ಲ.

ಪ್ರಶ್ನೆ: ಡೀಸೆಲ್ ಟ್ಯಾಂಕ್ ಸೋರುತ್ತಿದೆ. ಡೀಸೆಲ್ ಪೆಟ್ರೋಲಿನಂತೆ ಸಿಡಿಯುವುದಿಲ್ಲವಲ್ಲ, ಖಾಲಿ ಮಾಡಿ ವೆಲ್ಡ್ ಮಾಡಿಸಬಹುದೇ?

ಖಾಲಿ ಟ್ಯಾಂಕೇ ಹೆಚ್ಚು ಅಪಾಯ. ಗೋಡೆಗೆ ಅಂಟಿದ ಡೀಸೆಲ್ ವೆಲ್ಡಿಂಗಿನ ಕಾವಿಗೆ ಆವಿಯಾಗುತ್ತದೆ, ಮುಚ್ಚಿದ ಡಬ್ಬಿಯೊಳಗೆ ಆ ಆವಿ ಬಾಂಬಿನಂತೆ ಸಿಡಿಯುತ್ತದೆ. ಬೇರೆ ಟ್ಯಾಂಕ್ ಹಾಕಿ.

ಪ್ರಶ್ನೆ: ನನ್ನ ಲಾರಿಗೆ ಐವತ್ತು ವರ್ಷ ದಾಟಿದೆ. ವಿಂಟೇಜ್ ನೋಂದಣಿ ಮಾಡಿಸಿದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಕಾಟ ತಪ್ಪುತ್ತದೆಯೇ?

ಇಲ್ಲ. 2021ರ ವಿಂಟೇಜ್ ನಿಯಮ ಬಂದಿರುವುದು ದ್ವಿಚಕ್ರ ವಾಹನಗಳಿಗೆ ಮತ್ತು ಜನರನ್ನು ಒಯ್ಯುವ ನಾಲ್ಕು ಚಕ್ರದ ಕಾರುಗಳಿಗೆ. ಸರಕು ಲಾರಿ ಅದರಲ್ಲಿ ಇಲ್ಲ.

ಪ್ರಶ್ನೆ: ಆರ್‌ಸಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದೆ. ಲಾರಿ ರೆಡಿಯಾದ ಮೇಲೆ ಬದಲಿಸಿಕೊಂಡರೆ ಸಾಲದೇ?

ಸಾಲದು, ಸ್ಪ್ಯಾನರ್ ಹಿಡಿಯುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ. ಮಾಲೀಕರು ತೀರಿಕೊಂಡಾಗ ಹೆಸರು ಬದಲಿಸಲು ನಮೂನೆ 31 ಇದೆ. ಮೂರು ತಿಂಗಳೊಳಗೆ ಕೊಡಬೇಕಾದದ್ದು, ತಡವಾಗಿದ್ದರೆ ದಂಡ ಕಟ್ಟಬೇಕಾದೀತು. ಲಾರಿ ನಿಲ್ಲಿಸುವಾಗ ದಾಖಲೆಗಳನ್ನು ಕಚೇರಿಗೆ ಒಪ್ಪಿಸಿರದಿದ್ದರೆ ತೆರಿಗೆ ಬಾಕಿ ಬೆಳೆದಿರುತ್ತದೆ. ಅದು ಲಾರಿಯ ಬೆಲೆಯನ್ನೇ ಮೀರಿದ್ದರೆ ಹಣ ಹಾಕುವ ಮುನ್ನವೇ ತಿಳಿದುಕೊಳ್ಳುವುದು ಒಳ್ಳೆಯದು. ಚಾಸಿ ನಂಬರ್ ಕೊರೆದಿರುವ ಜಾಗಕ್ಕೆ ಗ್ರೈಂಡರ್ ಹಿಡಿಯಬೇಡಿ. ತುಕ್ಕಿದ್ದರೆ ಸೀಮೆಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದ ಮೆಲ್ಲನೆ ಒರೆಸಿ, ಅಂಕಿಗಳು ಕಂಡ ಮೇಲೆ ಫೋಟೋ ತೆಗೆದುಕೊಂಡು ಗ್ರೀಸ್ ಸವರಿಡಿ.